ಲಾರಿ ಎಂಜಿನ್ನಿಗೆ ಒಣ ಫಿಲ್ಟರೋ, ಎಣ್ಣೆ ಸವರಿದ ಫಿಲ್ಟರೋ?

ಮಾನ್ಯ ಸಂಪಾದಕರೇ,

ಲಾರಿಗಳ ಏರ್ ಫಿಲ್ಟರ್ ಕುರಿತು ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ತೊಳೆದು ಮತ್ತೆ ಮತ್ತೆ ಬಳಸಬಹುದಾದ, ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿದರೆ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಶಕ್ತಿ ಹೆಚ್ಚುತ್ತದೆ, ಇಂಧನವೂ ಉಳಿಯುತ್ತದೆ ಎಂಬುದು ಅದರ ಒಟ್ಟು ಅಭಿಪ್ರಾಯ. ಗಾಳಿ ಎಷ್ಟು ಸುಲಭವಾಗಿ ಒಳಗೆ ಹೋಗುತ್ತದೆ ಎಂಬುದನ್ನು ವಿವರವಾಗಿ ಹೇಳಿದ ಲೇಖನ, ಆ ಗಾಳಿಯ ಜೊತೆಗೆ ಎಷ್ಟು ಧೂಳು ಒಳಗೆ ಹೋಗುತ್ತದೆ ಎಂಬುದನ್ನು ಹೇಳಲೇ ಇಲ್ಲ. ಲಾರಿಯನ್ನು ದುಡಿಮೆಗೆ ಇಟ್ಟುಕೊಂಡವರಿಗೆ ಆ ಎರಡನೆಯ ಪ್ರಶ್ನೆಯೇ ದೊಡ್ಡದು ಎಂದು ನಾನು ನಂಬಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಸರಳ ಲೆಕ್ಕ. 6 ಲೀಟರ್ ಸಾಮರ್ಥ್ಯದ ನಾಲ್ಕು ಸ್ಟ್ರೋಕಿನ ಡೀಸೆಲ್ ಎಂಜಿನ್ ಪ್ರತಿ ಎರಡು ಸುತ್ತಿಗೆ ಒಮ್ಮೆ ತನ್ನ ಸಿಲಿಂಡರುಗಳನ್ನೆಲ್ಲ ಗಾಳಿಯಿಂದ ತುಂಬಿಸಿಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ಅದು ನಿಮಿಷವೊಂದಕ್ಕೆ ಸುಮಾರು 6 ಘನ ಮೀಟರ್ ಗಾಳಿ. ಭಾರ ಎಳೆಯುವಾಗ ಟರ್ಬೊ ಅದನ್ನು ಎರಡು ಪಟ್ಟು ಒತ್ತಿ ತುಂಬಿದರೆ ಸುಮಾರು 12, ಅಂದರೆ ಗಂಟೆಗೆ 720 ಘನ ಮೀಟರ್. ಮುಂದೆ ಇನ್ನೊಂದು ಲಾರಿ ಹೋಗುತ್ತಿರುವ ಮಣ್ಣುರಸ್ತೆಯಲ್ಲಿ ಪ್ರತಿ ಘನ ಮೀಟರ್ ಗಾಳಿಯಲ್ಲಿ 0.1 ಗ್ರಾಂ ಧೂಳಿದೆ ಎಂದಿಟ್ಟುಕೊಂಡರೆ, ಗಂಟೆಯೊಂದರಲ್ಲಿ 72 ಗ್ರಾಂ ಧೂಳು ಫಿಲ್ಟರಿನ ಮುಂದೆ ಬಂದು ನಿಲ್ಲುತ್ತದೆ. ನೂರಕ್ಕೆ 99.9 ಭಾಗ ತಡೆಯುವ ಫಿಲ್ಟರ್ ಅದರಲ್ಲಿ ಸುಮಾರು 0.07 ಗ್ರಾಂ ಒಳಗೆ ಬಿಡುತ್ತದೆ. ನೂರಕ್ಕೆ 98 ಭಾಗ ತಡೆಯುವ ಫಿಲ್ಟರ್ 1.44 ಗ್ರಾಂ ಬಿಡುತ್ತದೆ. ಕಾಗದದ ಮೇಲೆ 98 ಮತ್ತು 99.9 ಅಕ್ಕಪಕ್ಕದ ಸಂಖ್ಯೆಗಳಂತೆ ಕಾಣುತ್ತವೆ, ಆದರೆ ಎಂಜಿನ್ನಿನ ಒಳಗೆ ಸೇರುವ ಧೂಳು ಇಪ್ಪತ್ತು ಪಟ್ಟು ಹೆಚ್ಚು. ಆದ್ದರಿಂದ ಯಾವುದೇ ಫಿಲ್ಟರನ್ನು ಅದು ಎಷ್ಟು ತಡೆಯಿತು ಎಂಬುದರಿಂದ ಅಳೆಯದೆ, ಎಷ್ಟನ್ನು ಬಿಟ್ಟುಕೊಟ್ಟಿತು ಎಂಬುದರಿಂದಲೇ ಅಳೆಯಬೇಕು.

ಹಾಗೆ ನುಸುಳಿದ ಧೂಳು ಮಾಡುವ ಕೆಲಸ ಸಣ್ಣದಲ್ಲ. ರಸ್ತೆಯ ಧೂಳಿನಲ್ಲಿ ಬಹುಪಾಲು ಇರುವ ಸಿಲಿಕಾ ಕಣಗಳು ಸಿಲಿಂಡರಿನ ಒಳಗೋಡೆಯಾದ ಲೈನರಿನ ಎರಕದ ಕಬ್ಬಿಣಕ್ಕಿಂತ, ಪಿಸ್ಟನ್ನಿನ ಅಲ್ಯೂಮಿನಿಯಮ್ಮಿಗಿಂತ ಗಟ್ಟಿಯಾದವು. ಕಣ್ಣಿಗೆ ಕಾಣುವ ದಪ್ಪ ಮರಳನ್ನು ಯಾವ ಫಿಲ್ಟರಾದರೂ ಹಿಡಿಯುತ್ತದೆ. ಕೆಲವೇ ಮೈಕ್ರಾನಿನಿಂದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇಪ್ಪತ್ತು ಮೈಕ್ರಾನಿನವರೆಗಿನ ಕಣಗಳು ಪಿಸ್ಟನ್ನಿನ ರಿಂಗ್ ಮತ್ತು ಲೈನರಿನ ನಡುವಿನ ತೆಳುವಾದ ಎಣ್ಣೆಪದರದಷ್ಟೇ ಗಾತ್ರದವಾದ್ದರಿಂದ ಅಲ್ಲಿ ಸಿಕ್ಕಿಕೊಂಡು ಎರಡೂ ಕಡೆ ಅರೆಯುತ್ತವೆ. ಅದಕ್ಕೂ ಮೊದಲು ಅವು ನಿಮಿಷಕ್ಕೆ ಲಕ್ಷದ ಆಸುಪಾಸಿನಲ್ಲಿ ಸುತ್ತುವ ಟರ್ಬೊ ಕಂಪ್ರೆಸರಿನ ರೆಕ್ಕೆಗಳ ಅಂಚನ್ನು ಸವೆಸಿರುತ್ತವೆ. ಎಂಜಿನ್ ಆಯಿಲ್ ತಿನ್ನತೊಡಗುವುದು, ಪಿಕಪ್ ಕಡಿಮೆಯಾಗುವುದು, ಎಂಜಿನ್ನಿನ ಒಳಗಿನ ಅನಿಲ ಹೊರಹೋಗುವ ಬ್ರೀದರ್ ಕೊಳವೆಯಿಂದ ಹೊಗೆ ಬರುವುದು ಇವೆಲ್ಲ ತಿಂಗಳುಗಟ್ಟಲೆ ನಡೆದ ಸವೆತದ ಕೊನೆಯ ಲಕ್ಷಣಗಳು. ಆಗ ಯಾರಿಗೂ ಫಿಲ್ಟರಿನ ನೆನಪು ಬರುವುದಿಲ್ಲ, ಬೈಗುಳವೆಲ್ಲ ಆಯಿಲಿಗೋ ಡ್ರೈವರಿಗೋ ಹೋಗುತ್ತದೆ. ಬಳಸಿದ ಆಯಿಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಧೂಳಿನಿಂದ ಬಂದ ಸಿಲಿಕಾನ್ ಮತ್ತು ಸವೆತದಿಂದ ಬಂದ ಕಬ್ಬಿಣದ ಅಂಶ ಒಟ್ಟೊಟ್ಟಿಗೆ ಏರುತ್ತಿರುವುದು ಬಹಳ ಮೊದಲೇ ಕಾಣಿಸಿಕೊಳ್ಳುತ್ತದೆ. ಹೆಚ್ಚು ಲಾರಿಗಳನ್ನು ಓಡಿಸುವವರು ಈ ಪರೀಕ್ಷೆಯನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಎರಡು ಬಗೆಯ ಫಿಲ್ಟರುಗಳು ಧೂಳನ್ನು ಹಿಡಿಯುವ ರೀತಿಯೇ ಬೇರೆ. ಒಣ ಫಿಲ್ಟರಿನಲ್ಲಿ ಕಾಗದವನ್ನೋ ಕೃತಕ ನಾರಿನ ಹಾಳೆಯನ್ನೋ ಒತ್ತೊತ್ತಾಗಿ ಮಡಿಕೆ ಹಾಕಿ, ಸಣ್ಣ ಜಾಗದಲ್ಲಿ ಬಹಳ ದೊಡ್ಡ ಮೇಲ್ಮೈಯನ್ನು ಅಡಗಿಸಿರುತ್ತಾರೆ. ಮೊದಲ ದಿನಗಳಲ್ಲಿ ಸ್ವಲ್ಪ ಸೂಕ್ಷ್ಮ ಧೂಳು ನುಸುಳಿದರೂ, ಮೇಲ್ಮೈಯಲ್ಲಿ ಕೂತ ಧೂಳಿನ ಪದರವೇ ಮುಂದೆ ಬರುವ ಧೂಳಿಗೆ ಜರಡಿಯಾಗಿ ನಿಲ್ಲುವುದರಿಂದ ಅದು ಬಳಸಿದಂತೆಲ್ಲ ಇನ್ನೂ ಚೆನ್ನಾಗಿ ಸೋಸುತ್ತದೆ. ಭಾರಿ ವಾಹನಗಳ ಇಂದಿನ ಕೆಲವು ಫಿಲ್ಟರುಗಳಲ್ಲಿ ಕಾಗದದ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾದ ಎಳೆಗಳ ಪದರವನ್ನು ಹಾಸಿರುತ್ತಾರೆ. ಇದರಿಂದ ಮೊದಲ ದಿನಗಳ ಆ ಕೊರತೆಯೂ ಬಹುಮಟ್ಟಿಗೆ ನೀಗುತ್ತದೆ. ಎಣ್ಣೆ ಸವರಿದ ಫಿಲ್ಟರಿನಲ್ಲಿ ಹತ್ತಿಯ ಎಳೆಗಳ ನಡುವಿನ ಕಂಡಿಗಳು ದೊಡ್ಡವು. ಅಲ್ಲಿ ಧೂಳನ್ನು ಹಿಡಿಯುವುದು ಮುಖ್ಯವಾಗಿ ಅಂಟಂಟಾದ ಎಣ್ಣೆ. ಎಣ್ಣೆ ಒಣಗಿದ, ತೆಳುವಾದ ಅಥವಾ ತಲುಪದೇ ಉಳಿದ ಜಾಗ ಬಾಗಿಲು ತೆರೆದಿಟ್ಟ ಮನೆಯಂತೆ.

ಈ ಕಾರಣಕ್ಕೇ ಎಣ್ಣೆ ಸವರಿದ ಫಿಲ್ಟರಿನ ಗುಣ ಅದನ್ನು ತಯಾರಿಸಿದವರಿಗಿಂತ ಹೆಚ್ಚಾಗಿ ಅದನ್ನು ತೊಳೆಯುವವರ ಕೈಯಲ್ಲಿದೆ. ಅದಕ್ಕೆಂದೇ ಮಾಡಿದ ದ್ರಾವಣದಲ್ಲಿ ನೆನೆಸಿ, ಕೊಳೆ ಹೊರಮುಖವಾಗಿ ಇಳಿಯುವಂತೆ ಶುದ್ಧ ಗಾಳಿಯ ಬದಿಯಿಂದ ಮೆಲ್ಲಗೆ ನೀರು ಹಾಯಿಸಿ, ಬಿಸಿಗಾಳಿಯನ್ನಾಗಲಿ ಕಂಪ್ರೆಸರಿನ ಗಾಳಿಯನ್ನಾಗಲಿ ಬಳಸದೆ ತಾನಾಗಿಯೇ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಪ್ರತಿ ಮಡಿಕೆಗೂ ಅಳತೆಯ ಎಣ್ಣೆ ಹಾಕಿ, ಅದು ಬಟ್ಟೆಯಲ್ಲೆಲ್ಲ ಸಮನಾಗಿ ಹರಡುವವರೆಗೆ ಕಾಯಬೇಕು. ಅಷ್ಟು ಹೊತ್ತು ಲಾರಿ ನಿಂತಿರಬೇಕು, ಇಲ್ಲವೇ ಇನ್ನೊಂದು ಫಿಲ್ಟರ್ ಸಿದ್ಧವಿರಬೇಕು. ಲೋಡು ಕಾಯುತ್ತಿರುವಾಗ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರುವ ಸಂಗತಿ: ಡೀಸೆಲಿನಲ್ಲಿ ಅದ್ದಿ, ಗಾಳಿ ಹೊಡೆದು, ಕೈಗೆ ಸಿಕ್ಕ ಎಂಜಿನ್ ಆಯಿಲ್ ಸವರಿ ಕೂರಿಸಿಬಿಡುತ್ತಾರೆ. ಎಂಜಿನ್ ಆಯಿಲ್ ಬಟ್ಟೆಯಲ್ಲಿ ಸಮನಾಗಿ ನಿಲ್ಲದೆ ಕೆಳಗೆ ಇಳಿಯುತ್ತದೆ, ಮೇಲಿನ ಮಡಿಕೆಗಳು ಬರಿದಾಗುತ್ತವೆ.

ಎಣ್ಣೆ ಹೆಚ್ಚಾದರೂ ತೊಂದರೆಯೇ. ಇಂದಿನ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಫಿಲ್ಟರಿನ ಹಿಂದೆಯೇ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಇರುತ್ತದೆ. ಬಿಸಿಯಾದ ತೆಳುಪದರವೊಂದನ್ನು ಗಾಳಿ ಎಷ್ಟು ತಣಿಸಿತು ಎಂಬುದರಿಂದ ಅದು ಲೆಕ್ಕ ಹಾಕುತ್ತದೆ. ಹೆಚ್ಚಾದ ಎಣ್ಣೆ ತುಂತುರಾಗಿ ಹಾರಿ ಅದರ ಮೇಲೆ ಕೂತು, ಅದಕ್ಕೆ ಧೂಳೂ ಅಂಟಿಕೊಂಡರೆ ಅಳತೆ ತಪ್ಪುತ್ತದೆ. ಗಾಳಿ ಕಡಿಮೆ ಬರುತ್ತಿದೆ ಎಂದು ಭಾವಿಸಿದ ನಿಯಂತ್ರಕ ಇಂಧನವನ್ನು ಕಡಿತಗೊಳಿಸಿದಾಗ ಶಕ್ತಿ ಹೆಚ್ಚಿಸಲೆಂದು ಹಾಕಿದ ಫಿಲ್ಟರೇ ಶಕ್ತಿಯನ್ನು ಕಳೆದಂತಾಗುತ್ತದೆ. ಸರಿಯಾದ ಪ್ರಮಾಣದಲ್ಲಿ ಎಣ್ಣೆ ಹಾಕಿದರೆ ಹೀಗಾಗುವುದಿಲ್ಲ ಎಂದು ತಯಾರಕರು ಹೇಳುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಸಲವೂ ಸರಿಯಾದ ಪ್ರಮಾಣದಲ್ಲೇ ಹಾಕುತ್ತಾರೆ ಎಂಬ ಭರವಸೆಯ ಮೇಲೆ ದುಡಿಯುವ ಲಾರಿಯನ್ನು ನಿಲ್ಲಿಸಲಾಗದು.

ಇನ್ನು ಸಲೀಸಾದ ಉಸಿರಾಟದ ಮಾತು. ಟರ್ಬೊ ಇರುವ ಭಾರಿ ಡೀಸೆಲ್ ಎಂಜಿನ್ನುಗಳಿಗೆ ಫಿಲ್ಟರಿನ ಅಡೆತಡೆ 25 ಇಂಚು ಎತ್ತರದ ನೀರು ಒತ್ತುವಷ್ಟು ಒತ್ತಡದ ಮಟ್ಟವನ್ನು, ಅಂದರೆ ಸುಮಾರು 6.2 ಕಿಲೋಪ್ಯಾಸ್ಕಲ್ ಅನ್ನು ಮುಟ್ಟಿದಾಗ ಫಿಲ್ಟರ್ ಬದಲಿಸಬೇಕೆಂದು ಅನೇಕ ತಯಾರಕರು ಸೂಚಿಸುತ್ತಾರೆ. ಬದಲಿಸಲೇಬೇಕಾದ ಆ ಮಿತಿ ಕೂಡ ವಾತಾವರಣದ ಒತ್ತಡದ ನೂರಕ್ಕೆ ಆರು ಭಾಗದಷ್ಟು ಮಾತ್ರ. ಸರಿಯಾದ ಗಾತ್ರದ ಹೊಸ ಒಣ ಫಿಲ್ಟರಿನ ಅಡೆತಡೆ ಅದಕ್ಕಿಂತ ಎಷ್ಟೋ ಕಡಿಮೆ. ಎಣ್ಣೆ ಸವರಿದ ಫಿಲ್ಟರ್ ಉಳಿಸಿಕೊಡುವುದು ಆ ಕಡಿಮೆಯಲ್ಲೂ ಒಂದು ಪಾಲನ್ನು. ಮೂಲ ಫಿಲ್ಟರನ್ನು ಎಂಜಿನ್ನಿಗೆ ತಕ್ಕಂತೆ ವಿನ್ಯಾಸ ಮಾಡಿರುವ, ಬೇರಾವ ಮಾರ್ಪಾಡೂ ಇಲ್ಲದ ಲಾರಿಯಲ್ಲಿ ಈ ಉಳಿತಾಯ ಡ್ರೈವರಿನ ಕಾಲಿಗೆ ತಿಳಿಯುವಷ್ಟು ಶಕ್ತಿಯಾಗಿ ಬರುವುದು ಕಷ್ಟ. ಇಂಧನದ ವಿಷಯದಲ್ಲೂ ಅಷ್ಟೇ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಧನ ಇಂಜೆಕ್ಷನ್ ಇರುವ ಆಧುನಿಕ ಪೆಟ್ರೋಲ್ ಕಾರುಗಳ ಫಿಲ್ಟರ್ ಕಟ್ಟಿಕೊಂಡಿದ್ದಾಗಲೂ ಮೈಲೇಜಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ; ಕುಗ್ಗಿದ್ದು ವೇಗ ಹೆಚ್ಚಿಸಿಕೊಳ್ಳುವ ಶಕ್ತಿ. ಅದು ಕಾರುಗಳ ಮಾತು, ಲಾರಿಗೆ ಅದನ್ನೇ ನೇರವಾಗಿ ಹೊಂದಿಸಬಾರದು. ಆದರೂ ಫಿಲ್ಟರ್ ಬದಲಿಸಿದ ಮಾತ್ರಕ್ಕೆ ಇಂಧನ ಉಳಿಯುತ್ತದೆ ಎಂಬ ಜಾಹೀರಾತಿನ ಮಾತನ್ನು ಪುರಾವೆ ಕೇಳದೆ ನಂಬಬಾರದು ಎನ್ನಲು ಅಷ್ಟು ಸಾಕು.

ಹಳೆಯ ಲಾರಿ ಮತ್ತು ಟ್ರ್ಯಾಕ್ಟರುಗಳಲ್ಲಿ ಎಣ್ಣೆಯ ಬಟ್ಟಲಿರುವ ಏರ್ ಕ್ಲೀನರ್ ದಶಕಗಟ್ಟಲೆ ಕೆಲಸ ಮಾಡಲಿಲ್ಲವೇ ಎಂದು ಕೆಲವರು ಕೇಳಬಹುದು. ಮಾಡಿದೆ, ನಿಜ. ಅದು ಗಾಳಿಯನ್ನು ಎಣ್ಣೆಯ ಮೇಲೆ ರಭಸದಿಂದ ತಿರುಗಿಸಿ ಧೂಳನ್ನು ಬೀಳಿಸುವ ಬೇರೆಯೇ ಉಪಕರಣ. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಧೂಳು ಹಿಡಿಯುವುದು ಕಡಿಮೆ. ಗುರುತು ಮೀರಿ ಎಣ್ಣೆ ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವೂ ಇತ್ತು. ಒಣ ಫಿಲ್ಟರುಗಳು ಅದರ ಜಾಗಕ್ಕೆ ಬಂದದ್ದು ಸುಮ್ಮನೆ ಅಲ್ಲ.

ಎಣ್ಣೆ ಸವರಿದ ಫಿಲ್ಟರನ್ನು ಯಾರೂ ಬಳಸಬಾರದು ಎಂಬುದು ನನ್ನ ವಾದವಲ್ಲ. ಡಾಂಬರು ರಸ್ತೆಯಲ್ಲೇ ಓಡುವ, ಶಕ್ತಿ ಹೆಚ್ಚಿಸಲೆಂದು ಎಂಜಿನ್ನಿಗೆ ಬೇರೆ ಮಾರ್ಪಾಡುಗಳನ್ನೂ ಮಾಡಿಸಿಕೊಂಡ ಸಣ್ಣ ಪಿಕಪ್ ವಾಹನದ ಮಾಲೀಕರು, ತಾವೇ ಕೂತು ಶ್ರದ್ಧೆಯಿಂದ ತೊಳೆದು ಎಣ್ಣೆ ಹಾಕುವವರಾದರೆ, ಧಾರಾಳವಾಗಿ ಅದನ್ನು ಆರಿಸಿಕೊಳ್ಳಲಿ. ಪ್ರತಿ ಸಲ ಎಸೆಯುವ ಫಿಲ್ಟರುಗಳ ಕಸವೂ ಕಡಿಮೆಯಾಗುತ್ತದೆ. ಮಣ್ಣುರಸ್ತೆ, ಗಣಿ, ಕ್ವಾರಿ, ಕಟ್ಟಡ ಕೆಲಸದ ಜಾಗಗಳಲ್ಲಿ ದುಡಿಯುವ ಲಾರಿಗೆ ಮಾತ್ರ ಒಣ ಫಿಲ್ಟರೇ ಇರಲಿ, ಅದರ ಒಳಗೆ ಎರಡನೆಯ ಸುರಕ್ಷತಾ ಫಿಲ್ಟರ್ ಇರಲಿ, ಸಾಧ್ಯವಾದರೆ ಗಾಳಿಯನ್ನು ಸುಳಿಯಾಗಿ ತಿರುಗಿಸಿ ದಪ್ಪ ಧೂಳನ್ನು ಮೊದಲೇ ಬೇರ್ಪಡಿಸುವ ಪ್ರೀ-ಕ್ಲೀನರ್ ಇರಲಿ.

ಒಣ ಫಿಲ್ಟರಿಗೂ ಶತ್ರುಗಳಿಲ್ಲದಿಲ್ಲ. ನೀರು ಕಾಗದವನ್ನು ಉಬ್ಬಿಸಿ ಗಾಳಿಯ ದಾರಿಯನ್ನು ಕಟ್ಟುತ್ತದೆ, ಆದ್ದರಿಂದ ಮಳೆ ಮತ್ತು ನೀರೆರಚಾಟ ಹೆಚ್ಚಿರುವಲ್ಲಿ ನೀರು ಹೀರದ ಕೃತಕ ನಾರಿನ ಫಿಲ್ಟರ್ ಮೇಲು. ಇದಕ್ಕಿಂತ ದೊಡ್ಡ ಶತ್ರು ನಮ್ಮ ಆತುರ. ದಿನವೂ ಫಿಲ್ಟರ್ ಬಿಚ್ಚಿ, ಚಕ್ರಕ್ಕೆ ಬಡಿದು, ಕಂಪ್ರೆಸರಿನ ಪೂರ್ತಿ ಒತ್ತಡದಲ್ಲಿ ಗಾಳಿ ಹೊಡೆಯುವುದನ್ನು ಅನೇಕರು ಒಳ್ಳೆಯ ನಿರ್ವಹಣೆ ಎಂದುಕೊಂಡಿದ್ದಾರೆ. ಬಡಿದರೆ ಅಂಚು ಸೊಟ್ಟಗಾಗುತ್ತದೆ, ಗಾಳಿಯ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಒಳ್ಳೆಯ ಜರಡಿಯಾಗಿ ಕೂತಿದ್ದ ಧೂಳಿನ ಪದರ ಹಾರಿಹೋಗುತ್ತದೆ, ಮುಚ್ಚಳ ತೆರೆದಾಗಲೆಲ್ಲ ಶುದ್ಧ ಗಾಳಿಯ ಕೊಳವೆಗೆ ಅಷ್ಟಿಷ್ಟು ಧೂಳು ಉದುರುತ್ತದೆ. ಅಡೆತಡೆಯನ್ನು ತೋರಿಸುವ ಸೂಚಕ ಕೆಂಪು ಗುರುತಿಗೆ ಬರುವವರೆಗೆ ಅಥವಾ ತಯಾರಕರು ಹೇಳಿದ ಗಡುವು ಮುಗಿಯುವವರೆಗೆ ಫಿಲ್ಟರನ್ನು ಮುಟ್ಟದಿರುವುದೇ ಅದಕ್ಕೆ ಮಾಡುವ ಉಪಕಾರ. ಬದಲಿಸುವಾಗ ರಬ್ಬರ್ ಸೀಲ್ ಕೂತಿದೆಯೇ, ಕೊಳವೆಯ ಕ್ಲಿಪ್ಪುಗಳು ಬಿಗಿಯಾಗಿವೆಯೇ ಎಂದು ನೋಡಲೇಬೇಕು. ಸೀಲಿನ ಸಂದಿಯಲ್ಲಿ ನುಗ್ಗುವ ಗಾಳಿಗೆ ಫಿಲ್ಟರ್ ಯಾವ ಬಗೆಯದಾದರೂ ಒಂದೇ.

ಏರ್ ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಪರೀಕ್ಷೆಗೆ ಬಳಸುವ ಧೂಳಿಗೂ ಐಎಸ್‌ಒ 12103 ಎಂಬ ಮಾನದಂಡ ಗಾತ್ರಗಳನ್ನು ಗೊತ್ತುಪಡಿಸಿದೆ. ದಪ್ಪ ಧೂಳಿನಲ್ಲಿ ಪರೀಕ್ಷಿಸಿದರೆ ಅಂಕಿ ಮೇಲೇರುತ್ತದೆ, ಸಣ್ಣ ಧೂಳಿನಲ್ಲಿ ಇಳಿಯುತ್ತದೆ. ಆದ್ದರಿಂದ ನಿಮ್ಮ ಪತ್ರಿಕೆ ಮುಂದೆ ಯಾವುದೇ ಫಿಲ್ಟರಿನ ಬಗ್ಗೆ ಬರೆಯುವಾಗ, ಪರೀಕ್ಷೆಯ ಧೂಳು ಯಾವುದು, ಗಾಳಿಯ ಹರಿವು ಎಷ್ಟಿತ್ತು, ಹೊಸದರಲ್ಲಿ ಅದು ಎಷ್ಟು ಸೋಸಿತು, ಬಾಳಿಕೆ ಮುಗಿಯುವವರೆಗೆ ಒಟ್ಟು ಎಷ್ಟು ಗ್ರಾಂ ಧೂಳನ್ನು ಒಳಗೆ ಬಿಟ್ಟಿತು ಎಂಬ ವಿವರಗಳನ್ನು ತಯಾರಕರಿಂದ ಕೇಳಿ ಪಡೆದು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಲಾರಿ ನಿರ್ವಹಣೆಯಲ್ಲಿ ಆಸಕ್ತಿಯುಳ್ಳ ಓದುಗ