ಮಗಳಿಗೊಂದು ಪತ್ರ: ಬಾಗಿಲ ಕೆಳಗಿನ ಬೆಳಕು

ಪುಟ್ಟಿ,

"ನಾನೇನು ರೋಗಿನಾ ಅಪ್ಪ?" ಅಂತ ಕೇಳಿ ನಿನ್ನೆ ನೀನು ಫೋನ್ ಇಟ್ಟುಬಿಟ್ಟೆ. ನಿನಗೆ ಹೇಳದೆ ನಿನ್ನ ರೂಮ್‌ಮೇಟ್‌ಗೆ ಫೋನ್ ಮಾಡಿ "ಅವಳು ರಾತ್ರಿ ಮಲಗ್ತಾಳಾ?" ಅಂತ ಕೇಳಿದ್ದು ತಪ್ಪು. ಕ್ಷಮಿಸು.

ನೀನು ಆರನೇ ಕ್ಲಾಸಿನಲ್ಲಿದ್ದಾಗ ನನ್ನ ಬೈಪೋಲಾರ್‌ನಿಂದ, ಮನಸ್ಸು ಒಮ್ಮೆ ಕುಗ್ಗಿ ಒಮ್ಮೆ ಅತಿಯಾಗಿ ಏರೋ ಈ ಕಾಯಿಲೆಯಿಂದ, ನನಗೆ ಏನಾಯ್ತು ಅನ್ನೋದು ನಮ್ಮಿಬ್ಬರಿಗೂ ಗೊತ್ತು. ಅದು ಬೇಡ. ಅದಕ್ಕೂ ಹಿಂದಿನದು ಹೇಳುತ್ತೇನೆ.

ನನಗಾಗ 19 ವರ್ಷ, ಈಗ ನಿನಗಿರುವಷ್ಟೇ. ತಿಂಗಳುಗಟ್ಟಲೆ ಮಂಕಾಗಿದ್ದವನಿಗೆ ಒಂದು ವಾರ ಇದ್ದಕ್ಕಿದ್ದಂತೆ ಎಲ್ಲ ಹಗುರಾಯಿತು. ರಾತ್ರಿಯೆಲ್ಲ ಬರೆಯುತ್ತಿದ್ದೆ. ಬಾಗಿಲ ಕೆಳಗೆ ಬೆಳಕು ಕಂಡು ನಿನ್ನಜ್ಜಿ, ಮಗ ಕೂತು ಓದ್ತಿದ್ದಾನೆ ಅಂತ ಖುಷಿಪಟ್ಟಳು. ನಾಲ್ಕನೇ ಬೆಳಗ್ಗೆ ಕನ್ನಡಿ ಮುಂದೆ ನಿಂತೆ. ಸುಸ್ತೇ ಇಲ್ಲ. ನಿದ್ದೆ ಬಾರದೆ ಒದ್ದಾಡೋದು ಬೇರೆ ಪುಟ್ಟಿ, ನಿದ್ದೆಯೇ ಬೇಡ ಅನ್ನಿಸೋದು ಬೇರೆ. ನನಗೆ ಬೇಡ ಅನ್ನಿಸಿತ್ತು. ಜಗತ್ತೆಲ್ಲ ನನಗಿಂತ ನಿಧಾನ ಅನ್ನಿಸಿತ್ತು. ಅಮ್ಮ ಆ ಬಾಗಿಲು ತೆಗೆದು ನೋಡಿದ್ದರೆ? ನೋಡಿದ್ದರೂ ಅವಳಿಗೆ ಏನು ತಿಳಿಯುತ್ತಿತ್ತು? ಎಷ್ಟು ಸಲ ಯೋಚಿಸಿದ್ದೇನೋ. ಕಳೆದ ತಿಂಗಳು ನೀನು ರಜೆಗೆ ಬಂದಾಗ, ರಾತ್ರಿ 3 ಗಂಟೆಗೆ ನಿನ್ನ ಬಾಗಿಲ ಕೆಳಗೂ ಬೆಳಕಿತ್ತು. ಹೊರಗೆ ನಿಂತೇ ಇದ್ದೆ. ಪರೀಕ್ಷೆ ಹತ್ತಿರ ಇದೆ ಅಂತ ಗೊತ್ತಿತ್ತು. ಆದರೂ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಮಂಕಿಗೆ ಅಂತ ನಾನು ಮೊದಲು ತೋರಿಸಿಕೊಂಡ ಡಾಕ್ಟರ್ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟಿದ್ದರು. ಮನೆಯಲ್ಲಿ ಯಾರಿಗಾದರೂ ಹೀಗಿತ್ತಾ ಅಂತ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ನನ್ನ ಚಿಕ್ಕಪ್ಪನ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬೈಪೋಲಾರ್ ಅನ್ನೋ ಹೆಸರು ಸಿಗೋ ಹೊತ್ತಿಗೆ 7 ವರ್ಷ ಹೋಗಿತ್ತು. ಅದಕ್ಕೇ ಹೇಳುತ್ತೇನೆ, ಎಂದಾದರೂ ವಾರಗಟ್ಟಲೆ ಮನಸ್ಸು ಕುಗ್ಗಿ ಡಾಕ್ಟರ ಹತ್ತಿರ ಹೋದರೆ, ಮೊದಲು "ನಮ್ಮಪ್ಪನಿಗೆ ಬೈಪೋಲಾರ್ ಇದೆ" ಅನ್ನು. ಈ ಕಾಯಿಲೆ ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವರಲ್ಲಿ ಉನ್ಮಾದ, ಅಂದರೆ ಆ ವಾರ ನನಗಿದ್ದಂಥ ಮಿತಿಮೀರಿದ ಹುರುಪು, ಕೆರಳುತ್ತದೆ. ರಕ್ತ ಪರೀಕ್ಷೆಯಲ್ಲೋ ಸ್ಕ್ಯಾನ್‌ನಲ್ಲೋ ಇದು ಸಿಗೋದಿಲ್ಲ. ನಾವು ಹೇಳೋ ಕಥೆಯಿಂದಲೇ ಅವರು ಗುರುತು ಹಿಡಿಯಬೇಕು. ಗಾಂಜಾ ಹತ್ತಿರಕ್ಕೂ ಹೋಗಬೇಡ. ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡ. ಮಾತು ಓಡಿ, ಯೋಚನೆ ಓಡಿ, ಕೈಯಲ್ಲಿ ದುಡ್ಡು ನಿಲ್ಲದೆ, ಸ್ನೇಹಿತರು "ನೀನು ನೀನಾಗಿಲ್ಲ" ಅಂದರೆ ಅವರ ಮೇಲೆ ರೇಗಬೇಡ, ಕೇಳಿಸಿಕೋ.

ನೋಡು, ಬುದ್ಧಿ ಹೇಳಲ್ಲ ಅಂದುಕೊಂಡೇ ಕೂತಿದ್ದೆ.

ಸಾಮಾನ್ಯವಾಗಿ ಇದು ನೂರರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ನೂರು ಮಕ್ಕಳಲ್ಲಿ ಸುಮಾರು 5ರಿಂದ 10 ಮಂದಿಗೆ. ಉಳಿದ 90ರಿಂದ 95 ಮಕ್ಕಳಿಗೆ ಬರೋದಿಲ್ಲ. ಈ ಲೆಕ್ಕ ನನಗೆ ಬಾಯಿಪಾಠ, ಆದರೂ ಹೆದರುತ್ತೇನೆ. ಜಾಸ್ತಿ ಜನರಿಗೆ ಶುರುವಾಗೋದು ಹದಿಹರೆಯದ ಕೊನೆಗೆ, ಇಲ್ಲಾ ಇಪ್ಪತ್ತರ ಆಸುಪಾಸಿನಲ್ಲಿ. ನಿನ್ನ ಮೇಲೆ ಅನುಮಾನ ಇಲ್ಲ ಪುಟ್ಟಿ. ನೀನು ಜೋರಾಗಿ ನಕ್ಕಾಗ ನನಗೆ ಬರೀ ಖುಷಿಯಾಗಬೇಕಿತ್ತು. ಅದನ್ನೂ ಅಳೆದೆನಲ್ಲ, ಅದೇ ಜಾಸ್ತಿ ನೋಯುತ್ತದೆ. ಅಪ್ಪನ ಕಾಯಿಲೆಯನ್ನು ಸ್ನೇಹಿತರಿಗೆ ನಾಚಿಕೆಯಿಲ್ಲದೆ ಹೇಳಿದ್ದೀಯಂತೆ. ಆ ಧೈರ್ಯ ನನಗಿರಲಿಲ್ಲ.

ನಿನ್ನ ರೂಮ್‌ಮೇಟ್‌ ಹತ್ತಿರವೂ ಕ್ಷಮೆ ಕೇಳಿದ್ದೇನೆ, ಇನ್ನು ಅವಳಿಗೆ ಫೋನ್ ಮಾಡೋದಿಲ್ಲ. ಈ ಕಾಯಿಲೆಗೆ ನಾನು ತಗೊಳ್ಳೋ ಲಿಥಿಯಂ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ನೋಡೋ ಪರೀಕ್ಷೆ ಸೋಮವಾರ ಇದೆ, ತಪ್ಪಿಸಲ್ಲ. ಭಾನುವಾರ ನಿನಗೆ ಫೋನ್ ಮಾಡುತ್ತೇನೆ. ನಿದ್ದೆಯ ಮಾತೆತ್ತಲ್ಲ, ನೀನೇ ಎತ್ತಿದರೆ ಮಾತ್ರ.

ಅಪ್ಪ