ಕಣ್ಣಿನ ಶಿಬಿರದಲ್ಲಿ ಮೂಳೆಯ ವಿಚಾರಣೆಯೂ ಆಗಲಿ
ಮಾನ್ಯರೇ,

ವಯಸ್ಸಾದವರ ಕಣ್ಣಿನ ತೊಂದರೆಯನ್ನೂ ಮೂಳೆ ಸವೆತವನ್ನೂ ಸಂಬಂಧವೇ ಇಲ್ಲದ ಎರಡು ಕಾಯಿಲೆಗಳೆಂದು ನೋಡುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಬದಲಾಗಬೇಕು.

ಪೊರೆ ಬಂದ ಕಣ್ಣಿಗೆ ಮೆಟ್ಟಿಲಿನ ಅಂಚು ಸರಿಯಾಗಿ ಕಾಣುವುದಿಲ್ಲ. ಮಳೆಗಾಲದಲ್ಲಿ ಹಾವಸೆ ಕಟ್ಟುವ ಶಿರಸಿ, ಸಿದ್ದಾಪುರದ ಅಂಗಳಗಳಲ್ಲಿ ಒಮ್ಮೆ ಕಾಲು ಜಾರಿದರೂ ಸಾಕು, ಮುಟ್ಟು ನಿಂತ ಮೇಲೆ ಮೂಳೆ ದುರ್ಬಲವಾದ ಅಜ್ಜಿಯಂದಿರ ಸೊಂಟ ಮುರಿಯಬಹುದು. ಅನಂತರ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಘಟ್ಟದ ತಿರುವುಗಳಲ್ಲಿ ಆ ನೋವು ತಿನ್ನುತ್ತಾ ಸಾಗುವ ಸ್ಥಿತಿ ಯಾವ ಹಿರಿಯರಿಗೂ ಬರಬಾರದು. ಆಸ್ತಮಾ, ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಸೇವಿಸುವವರಲ್ಲಂತೂ ಒಂದೇ ಔಷಧ ಕಣ್ಣಿಗೆ ಪೊರೆಯನ್ನೂ ತರಬಹುದು, ಮೂಳೆಯನ್ನೂ ಸವೆಸಬಹುದು. (ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯಕಾರಿ.)

ಆದ್ದರಿಂದ ನೇತ್ರ ತಪಾಸಣಾ ಶಿಬಿರಗಳಿಗೆ ಬರುವ ಹಿರಿಯರನ್ನು ಈಚೆಗೆ ಬಿದ್ದಿದ್ದಾರೆಯೇ, ಸ್ಟೀರಾಯ್ಡ್ ಸೇವಿಸುತ್ತಿದ್ದಾರೆಯೇ ಎಂದು ವಿಚಾರಿಸಿ, ಅಗತ್ಯವಿದ್ದವರನ್ನು ಮೂಳೆ ಸಾಂದ್ರತೆ ಪರೀಕ್ಷೆಗೆ ಕಳುಹಿಸಬೇಕು. ಮೂಳೆ ಮುರಿದು ದಾಖಲಾದ ವೃದ್ಧರನ್ನು ಮನೆಗೆ ಕಳುಹಿಸುವ ಮುನ್ನ ಅವರ ಕಣ್ಣನ್ನೂ ಪರೀಕ್ಷಿಸಬೇಕು. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಜಿಲ್ಲಾ ಆರೋಗ್ಯ ಇಲಾಖೆ ಸೇರಿ ಇದನ್ನು ಈ ಮಳೆಗಾಲಕ್ಕೆ ಮೊದಲೇ ಆರಂಭಿಸಲಿ.

– ಓದುಗರೊಬ್ಬರು, ಶಿರಸಿ