ಅರ್ಜಿ ಹಾಕಿದವರ ಪೂರ್ವಾಪರ ವಿಚಾರಿಸುವ ಮುನ್ನ

ಚಿ. ಕಿಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿಮ್ಮ ಫ್ರೀಮೇಸನ್ ಸಹೋದರ ಸಂಘದ ಲಾಡ್ಜಿಗೆ (ಸ್ಥಳೀಯ ಶಾಖೆಗೆ) ಸೇರಲು ಅರ್ಜಿ ಹಾಕಿದವರೊಬ್ಬರ ಪೂರ್ವಾಪರ ವಿಚಾರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ತಿಳಿದು ಸಂತೋಷವಾಯಿತು. ಫೋನಿನಲ್ಲಿ ಅವಸರದಲ್ಲಿ ಹೇಳುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫ್ರೀಮೇಸನ್ನರಲ್ಲಿ ಹೆಸರು ಸೂಚಿಸುವ ಒಬ್ಬ ಪ್ರಪೋಸರ್, ಅದನ್ನು ಅನುಮೋದಿಸುವ ಒಬ್ಬ ಸೆಕೆಂಡರ್ ರುಜು ಹಾಕಿದರೆ ಸಾಲದು ಅನ್ನುವುದು ನಿನಗೆ ಗೊತ್ತಿದೆ. ಆ ಇಬ್ಬರೂ ಅವನ ಸ್ನೇಹಿತರು, ಒಳ್ಳೆಯದನ್ನೇ ಹೇಳುತ್ತಾರೆ. ನಾಳೆ ಅದೇ ವ್ಯಕ್ತಿ ನಿಮ್ಮೆಲ್ಲರಿಗೂ ಸಹೋದರನಾಗುತ್ತಾನೆ. ನಿಮ್ಮ ಮನೆಗಳಿಗೆ ಬರುತ್ತಾನೆ, ದಾನದ ನಿಧಿಯ ಲೆಕ್ಕ ಅವನ ಕೈಗೆ ಹೋಗಬಹುದು, ತೀರಿಕೊಂಡ ಸದಸ್ಯನ ಹೆಂಡತಿ ಮಕ್ಕಳ ಕಷ್ಟ ಕೇಳಲು ಅವನನ್ನೇ ಕಳಿಸಬಹುದು. ಹೆಣ್ಣು ಕೊಡುವಾಗ ನಾಲ್ಕು ಕಡೆ ವಿಚಾರಿಸುತ್ತೇವಲ್ಲ, ಅಷ್ಟೇ ಜವಾಬ್ದಾರಿ ಇದರಲ್ಲೂ ಇದೆ.

ಮೊದಲು ಕಾಗದಪತ್ರದ ವಿಷಯ. ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟನ್ನು ಅರ್ಜಿದಾರರೇ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ ತರಬಹುದು. ಅವರನ್ನೇ ಕೇಳು. ಠಾಣೆಯಲ್ಲಿ ನಮ್ಮವರು ಒಬ್ಬರಿದ್ದಾರೆ ಎಂದು ಹಿಂದಿನ ಬಾಗಿಲಿನಿಂದ ಹೋಗಬೇಡ. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಕೇಸುಗಳು ಸಿಗುತ್ತವೆ ನಿಜ, ಆದರೆ ಮಂಜುನಾಥ ಎಂದು ಹುಡುಕಿದರೆ ಊರಿನ ಮಂಜುನಾಥರೆಲ್ಲ ಬರುತ್ತಾರೆ. ತಂದೆಯ ಹೆಸರು, ವಿಳಾಸ, ವಯಸ್ಸು ಮೂರೂ ಹೊಂದುವವರೆಗೆ ಅದು ಅವರದೇ ಕೇಸು ಎಂದು ಬಾಯಿ ಬಿಡಬೇಡ.

ಕೇಸು ಅವರದೇ ಎಂದು ಗೊತ್ತಾದರೂ ಅದು ಎಂಥದ್ದು ಅಂತ ನೋಡು. ಅಣ್ಣತಮ್ಮಂದಿರ ನಡುವೆ ಭಾಗದ ದಾವೆ ನಮ್ಮ ಎಷ್ಟು ಮನೆಗಳಲ್ಲಿ ಇಲ್ಲ? ಅದು ನಡತೆಯ ಮೇಲಿನ ಕಳಂಕವಲ್ಲ. ಎಫ್‌ಐಆರ್ ಅಂದರೆ ದೂರು ದಾಖಲಾಗಿದೆ ಎಂದಷ್ಟೇ. ಚಾರ್ಜ್‌ಶೀಟ್ ಆಯಿತೇ, ಖುಲಾಸೆಯಾಯಿತೇ, ಶಿಕ್ಷೆಯಾಯಿತೇ, ಕೊನೆಯವರೆಗೆ ಓದು. ಚೆಕ್ ಬೌನ್ಸ್ ಕೇಸು ಒಂದಿದ್ದರೆ ವ್ಯಾಪಾರದಲ್ಲಿ ಕೈ ಕಚ್ಚಿರಬಹುದು. ಬೇರೆ ಬೇರೆ ಜನ ಸಾಲಾಗಿ ಹಾಕಿದ್ದರೆ ಮಾತ್ರ ಎಚ್ಚರ, ಅದರಲ್ಲೂ ಚೀಟಿ, ಹೂಡಿಕೆ ಎಂದು ದುಡ್ಡು ಎತ್ತುವವರಾದರೆ. ಪರಸ್ಪರ ನಂಬಿಕೆ ಇರುವ ಕಡೆಗೇ ಅಂಥವರು ಹುಡುಕಿಕೊಂಡು ಬರುತ್ತಾರೆ.

ಏನೇ ಸಿಕ್ಕಿದರೂ ಮೊದಲು ಅವರ ಮುಂದೆಯೇ ಇಡು. ಹಳೆಯ ತಪ್ಪನ್ನು ತಾನಾಗಿ ಹೇಳಿ, ಆಮೇಲೆ ನೆಟ್ಟಗೆ ಬದುಕಿದವನನ್ನು ನಾನಾದರೆ ಒಳಗೆ ಕರೆಯುತ್ತೇನೆ. ನೀನು ಕೇಳಿದ ಮೇಲೂ ಮುಚ್ಚಿಟ್ಟವನ ವಿಷಯದಲ್ಲಿ ನನಗೆ ಆ ಧೈರ್ಯ ಬರುವುದಿಲ್ಲ.

ಸರ್ಟಿಫಿಕೇಟ್ ಶುದ್ಧವಾಗಿದೆ ಎಂದು ಅಲ್ಲಿಗೇ ಕೈ ತೊಳೆದುಕೊಳ್ಳಬೇಡ. ಸಿಕ್ಕಿಬೀಳದವನ ಸರ್ಟಿಫಿಕೇಟೂ ಶುದ್ಧವಾಗಿಯೇ ಇರುತ್ತದೆ. ಮುಂಚೆ ತಿಳಿಸಿ ಮನೆಗೆ ಹೋಗು, ಕೂತು ಮಾತಾಡು. ಯಾಕೆ ಸೇರಬೇಕು ಅನ್ನಿಸಿತು ಎಂದು ಕೇಳಿ ಸುಮ್ಮನಿರು, ಅವರು ಹೇಳಲಿ. ಗುತ್ತಿಗೆ, ವರ್ಗಾವಣೆ, ದೊಡ್ಡವರ ಪರಿಚಯ, ಇವೇ ಸುತ್ತಿ ಸುತ್ತಿ ಬಂದರೆ ಬರೆದುಕೋ. ಚಂದಾ ಹಣ, ಸಂಜೆಯ ಹೊತ್ತು ಎರಡೂ ಮನೆಯಿಂದಲೇ ಹೋಗುವುದರಿಂದ ಅವರ ಮನೆಯವರಿಗೆ ಇದು ಒಪ್ಪಿಗೆಯೇ ಎಂದೂ ಕೇಳು. ದೇವರಲ್ಲಿ ನಂಬಿಕೆ ಉಂಟೇ ಎಂದು ಕೇಳಲೇಬೇಕು, ಅದು ನಿಯಮ. ಯಾವ ದೇವರು, ಯಾವ ಮಠ, ಯಾವ ಜನ ಎಂದು ಮಾತ್ರ ಕೆದಕಬೇಡ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಲ್ಕತ್ತೆಯಲ್ಲಿ ಪ್ರಸನ್ನ ಕುಮಾರ ದತ್ತ ಎಂಬುವರು 1863ರಲ್ಲಿ ಲಾಡ್ಜ್ ಸೇರಲು ಮುಂದೆ ಬಂದರು. ಹಿಂದೂಗಳನ್ನು ಸೇರಿಸಿಕೊಳ್ಳಬಹುದೇ ಎಂಬ ತಕರಾರು ಎದ್ದು, ಪತ್ರ ವ್ಯವಹಾರ ವರ್ಷಗಟ್ಟಲೆ ನಡೆಯಿತು. ಅವರಿಗೆ ಪ್ರವೇಶ ಸಿಕ್ಕಿದ್ದು 1872ರಲ್ಲಿ, ಆಂಕರ್ ಅಂಡ್ ಹೋಪ್ ಲಾಡ್ಜಿನಲ್ಲಿ. ಮುಂದೆ ವಿವೇಕಾನಂದರಾದ ನರೇಂದ್ರನಾಥರು 1884ರಲ್ಲಿ ಸೇರಿದ್ದೂ ಅದೇ ಲಾಡ್ಜಿಗೆ. ಹುಟ್ಟನ್ನು ಹಿಡಿದು ವಿಚಾರಣೆ ಮಾಡಿದ್ದರಿಂದ ಒಬ್ಬ ಯೋಗ್ಯ ಮನುಷ್ಯ ಒಂಬತ್ತು ವರ್ಷ ಹೊಸ್ತಿಲಲ್ಲಿ ನಿಂತ. ಭಾರತದ ಲಾಡ್ಜುಗಳಿಗೆ ನಮ್ಮದೇ ಮೇಲಿನ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್ 1961ರಲ್ಲಿ ಆದಮೇಲೂ ಆ ಬುದ್ಧಿ ಜಾತಿಯ ವೇಷದಲ್ಲಿ ಬರಬಾರದು ಕಿಟ್ಟಿ.

ಅವರ ಖಾಸಗಿ ವಿಷಯಕ್ಕೂ ಮರ್ಯಾದೆ ಕೊಡು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಹೇಳಿದರಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದು ಸರ್ಕಾರದ ಎದುರು ನಡೆದ ವಾದ, ಆದರೂ ನಾವೂ ಕಲಿಯಬೇಕು. ಏನೇನು ವಿಚಾರಿಸುತ್ತೀರಿ ಎಂದು ಮೊದಲೇ ಹೇಳಿ ಬರವಣಿಗೆಯಲ್ಲಿ ಒಪ್ಪಿಗೆ ತಗೋ. ಆಧಾರ್ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು, ಮನೆ ಹೇಗಿತ್ತು, ಸೋಫಾ ಹೇಗಿತ್ತು ಎಂದು ಊಟದ ಮೇಜಿನಲ್ಲಿ ಮಾತಾಡುವುದು ಬೇಡವೇ ಬೇಡ.

ಕಡೆಗೆ ಗುಂಡು ಹಾಕುವ ದಿನ, ಅಂದರೆ ಬೇಕು ಎನ್ನಲು ಬಿಳಿ, ಬೇಡ ಎನ್ನಲು ಕಪ್ಪು ಗುಂಡು ಪೆಟ್ಟಿಗೆಗೆ ಹಾಕಿ ಗುಟ್ಟಾಗಿ ಮತ ಕೊಡುವ ದಿನ. ಇಂಗ್ಲೆಂಡಿನ ನಿಯಮದಲ್ಲಿ ಮೂರು ಕಪ್ಪು ಗುಂಡು ಬಿದ್ದರೆ ಅರ್ಜಿ ಬಿದ್ದಂತೆ. ಲಾಡ್ಜಿನ ಬೈಲಾದಲ್ಲಿ ಇನ್ನೂ ಬಿಗಿ ಇರಬಹುದು, ನಿಮ್ಮದನ್ನು ನೋಡಿಕೋ. ಯಾರು ಯಾವ ಗುಂಡು ಹಾಕಿದರು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಹಳೆಯ ಜಗಳ ತೀರಿಸಿಕೊಳ್ಳಲು ಅಲ್ಲಿ ಜಾಗ ಇದೆ. ನಿನ್ನ ವರದಿ ಪೂರ್ತಿಯಾಗಿ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳುವಂತಿದ್ದರೆ ಆ ಜಾಗ ಕಡಿಮೆಯಾಗುತ್ತದೆ. ಅನುಮಾನವಿದ್ದರೆ ಲಾಡ್ಜಿನ ಮುಖ್ಯಸ್ಥರಾದ ಮಾಸ್ಟರಿಗೆ ಮುಂಚೆಯೇ ಹೇಳು. ಅರ್ಜಿ ಹಿಂದಕ್ಕೆ ತಗೊಳ್ಳಿ ಎಂದು ಪ್ರಪೋಸರ್ ಮೂಲಕ ಮೆಲ್ಲಗೆ ತಿಳಿಸಿದರೆ ಅವರ ಮಾನವೂ ಉಳಿಯುತ್ತದೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಆ ಮನೆಗೆ ಹೋಗಿ ಬಂದ ಮೇಲೆ ಒಂದು ಫೋನ್ ಮಾಡು, ಹೆಸರು ಹೇಳದೆ.

ಇಂತಿ ನಿನ್ನ ಮಾವ